ಸೊಂಟದ ಅಳತೆಯೂ ಲಿವರಿನ ಆರೋಗ್ಯವೂ: ದುವ್ವಾಡದ ಕನ್ನಡ ಬಂಧುಗಳಿಗೊಂದು ಬಹಿರಂಗ ಪತ್ರ

ವಿಶಾಖಪಟ್ಟಣದ ದುವ್ವಾಡ, ಕೂರ್ಮನ್ನಪಾಲೆಂ, ಉಕ್ಕುನಗರಂ ಮತ್ತು ಗಾಜುವಾಕದಲ್ಲಿ ನೆಲೆಸಿರುವ ಕನ್ನಡ ಮನೆಮಾತಿನ ಕಾರ್ಮಿಕ, ನೌಕರ ಹಾಗೂ ಅಧಿಕಾರಿ ಬಂಧುಗಳಿಗೂ ಅವರ ಮನೆಯವರಿಗೂ ಈ ಪತ್ರ.

ಹೊಟ್ಟೆಯ ಸುತ್ತ ಸೇರುವ ಕೊಬ್ಬಿಗೂ ಲಿವರಿನಲ್ಲಿ, ಅಂದರೆ ಪಿತ್ತಜನಕಾಂಗದಲ್ಲಿ, ಸೇರುವ ಕೊಬ್ಬಿಗೂ ಇರುವ ನಂಟೇ ಈ ಪತ್ರದ ವಿಷಯ. ಕಿಡ್ನಿ ಕಲ್ಲಿನ ಅನುಮಾನಕ್ಕೋ ಪಿತ್ತಕೋಶದ ನೋವಿಗೋ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ವರದಿಯ ಕೊನೆಯ ಸಾಲಿನಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂದು ಬರೆದಿರುವುದು ಇಂದು ಎಷ್ಟು ಸಾಮಾನ್ಯವಾಗಿದೆಯೆಂದರೆ, ಅದನ್ನು ಓದಿದವರಲ್ಲಿ ಹಲವರು ‘ಇದು ಎಲ್ಲರಿಗೂ ಇರುವುದೇ’ ಎಂದು ವರದಿಯನ್ನು ಮಡಚಿ ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ಇನ್ನು ಕೆಲವರು, ಮುಖ್ಯವಾಗಿ ಜೀವಮಾನದಲ್ಲಿ ಒಮ್ಮೆಯೂ ಮದ್ಯ ಮುಟ್ಟದವರು, ತಮ್ಮ ಮೇಲೆ ಯಾರೋ ಸುಳ್ಳು ಆರೋಪ ಹೊರಿಸಿದಂತೆ ನೊಂದುಕೊಂಡು ಮನೆಯವರಿಂದಲೂ ಅದನ್ನು ಮರೆಮಾಚುತ್ತಾರೆ. ಈ ಎರಡು ಬಗೆಯ ಪ್ರತಿಕ್ರಿಯೆಯೂ ಹಾನಿಕರ. ಮೊದಲನೆಯದು ಎಚ್ಚರಿಕೆಯನ್ನು ಕಳೆದರೆ ಎರಡನೆಯದು ಚಿಕಿತ್ಸೆಯ ಅವಕಾಶವನ್ನೇ ಕಳೆಯುತ್ತದೆ.

ಮದ್ಯ ಕುಡಿಯದವರಲ್ಲಿಯೂ ಕುಡುಕರ ಲಿವರಿನಲ್ಲಿ ಕಾಣುವಂಥ ಹಾನಿ ಉಂಟಾಗಬಲ್ಲದು ಎಂಬುದು ಹೊಸ ಮಾತಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನ ರೋಗಶಾಸ್ತ್ರಜ್ಞ ಯೂರ್ಗೆನ್ ಲುಡ್ವಿಗ್ ಮತ್ತು ಸಹೋದ್ಯೋಗಿಗಳು 1980ರಲ್ಲಿ ಅಂಥ 20 ರೋಗಿಗಳ ಲಿವರಿನ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಈ ಸ್ಥಿತಿಗೆ ಒಂದು ಹೆಸರು ಕೊಟ್ಟರು. ‘ಮದ್ಯಪಾನದಿಂದಲ್ಲದ’ ಎಂದು, ಏನಲ್ಲ ಎಂಬುದನ್ನಷ್ಟೇ ಹೇಳುತ್ತಿದ್ದ ಆ ಹೆಸರು ನಾಲ್ಕು ದಶಕ ಚಾಲ್ತಿಯಲ್ಲಿತ್ತು. 2023ರಲ್ಲಿ ಹಲವು ದೇಶಗಳ ಲಿವರ್ ತಜ್ಞರ ಸಂಘಗಳು ಒಟ್ಟಾಗಿ ಅದನ್ನು ಕೈಬಿಟ್ಟು, ಚಯಾಪಚಯದ ಏರುಪೇರಿನಿಂದ, ಎಂದರೆ ದೇಹವು ಸಕ್ಕರೆ ಮತ್ತು ಕೊಬ್ಬನ್ನು ಬಳಸುವ ಕ್ರಮವೇ ಕೆಟ್ಟಿರುವುದರಿಂದ ಉಂಟಾಗುವ ಲಿವರ್ ರೋಗ ಎಂಬ ಅರ್ಥದ ಹೆಸರನ್ನು ಒಪ್ಪಿಕೊಂಡವು. ಹೊಸ ವರದಿಗಳಲ್ಲಿ ‘ಎಂಎಎಸ್‌ಎಲ್‌ಡಿ’ ಎಂದು ಕಾಣುವುದು ಇದೇ. ಈ ರೋಗನಿರ್ಣಯಕ್ಕೆ ಲಿವರಿನಲ್ಲಿ ಕೊಬ್ಬು ಕಂಡರಷ್ಟೇ ಸಾಲದು. ಹೆಚ್ಚಿದ ತೂಕ ಅಥವಾ ಸೊಂಟದ ಸುತ್ತಳತೆ, ರಕ್ತದ ಸಕ್ಕರೆ, ರಕ್ತದೊತ್ತಡ, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು, ಎಚ್‌ಡಿಎಲ್ ಎಂಬ ಒಳ್ಳೆಯ ಕೊಲೆಸ್ಟರಾಲ್‌ನ ಕೊರತೆ ಇವುಗಳಲ್ಲಿ ಒಂದಾದರೂ ಜೊತೆಗಿರಬೇಕು. ಸೊಂಟದ ಸುತ್ತಳತೆ ಹೀಗೆ ರೋಗದ ವ್ಯಾಖ್ಯೆಯೊಳಗೇ ಸೇರಿಕೊಂಡಿದೆ.

ಆರೋಗ್ಯವಂತರ ಲಿವರಿನ ಜೀವಕೋಶಗಳಲ್ಲಿ ಶೇ. 5ಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬಿನ ಹನಿಗಳು ಇರಬಾರದು. ಆ ಮಿತಿ ದಾಟಿದರೆ ಅದು ಫ್ಯಾಟಿ ಲಿವರ್. ಅಲ್ಲಿಗೇ ನಿಂತವರ ಸಂಖ್ಯೆಯೇ ದೊಡ್ಡದು. ಆದರೆ ಕೆಲವರಲ್ಲಿ ಕೊಬ್ಬು ತುಂಬಿದ ಜೀವಕೋಶಗಳು ಊದಿಕೊಂಡು ಉರಿಯೂತ ಹುಟ್ಟುತ್ತದೆ, ಉರಿಯೂತ ಮಾಯುವ ಯತ್ನದಲ್ಲಿ ನಾರಿನಂಥ ಗಾಯದ ಕಲೆ ಬೆಳೆಯುತ್ತದೆ, ಈ ನಾರುಗಟ್ಟುವಿಕೆ ವರ್ಷಗಟ್ಟಲೆ ಮುಂದುವರಿದರೆ ಲಿವರ್ ಗಂಟುಗಂಟಾಗಿ ಗಟ್ಟಿಯಾಗುವ ಸಿರೋಸಿಸ್‌ಗೆ, ಕೆಲವೊಮ್ಮೆ ಕ್ಯಾನ್ಸರಿಗೆ ತಿರುಗುತ್ತದೆ. ಈ ಪಯಣ ನಿಧಾನವಾದುದು. ಉರಿಯೂತವಿಲ್ಲದವರಲ್ಲಿ ನಾರುಗಟ್ಟುವಿಕೆ ಒಂದು ಹಂತ ಮುಂದೆ ಸಾಗಲು ಸರಾಸರಿ 14 ವರ್ಷ, ಉರಿಯೂತವಿರುವವರಲ್ಲಿ ಸುಮಾರು 7 ವರ್ಷ ಹಿಡಿಯುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ವಿಶ್ಲೇಷಣೆ ತೋರಿಸಿದೆ. ಈ ನಿಧಾನವೇ ಅಪಾಯವೂ ಹೌದು, ಅವಕಾಶವೂ ಹೌದು, ಏಕೆಂದರೆ ಇಷ್ಟು ವರ್ಷಗಳ ಕಾಲ ನೋವಾಗಲಿ ಕಾಮಾಲೆಯಾಗಲಿ ಕಾಣಿಸಿಕೊಳ್ಳುವುದಿಲ್ಲ, ಆದರೆ ಆ ವರ್ಷಗಳಲ್ಲೇ ಹಾನಿಯನ್ನು ಹಿಂದಕ್ಕೆ ತಿರುಗಿಸಲು ಸಾಧ್ಯವಿರುತ್ತದೆ. ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು: ಫ್ಯಾಟಿ ಲಿವರ್ ಇರುವವರಲ್ಲಿ ಅತಿ ಹೆಚ್ಚು ಸಾವಿಗೆ ಕಾರಣವಾಗುವುದು ಲಿವರ್ ಅಲ್ಲ, ಹೃದಯ ಮತ್ತು ರಕ್ತನಾಳಗಳ ರೋಗ.

ಇನ್ನು ಹೊಟ್ಟೆಯ ವಿಚಾರ. ಹೊಟ್ಟೆಯ ಕೊಬ್ಬು ಎಂದು ಒಟ್ಟಾರೆ ಕರೆಯುವುದರಲ್ಲಿ ಎರಡು ಬಗೆಗಳಿವೆ. ಬೆರಳುಗಳ ನಡುವೆ ಹಿಡಿಯಲು ಸಿಗುವುದು ಚರ್ಮದಡಿಯ ಕೊಬ್ಬು. ಹಿಡಿಯಲು ಸಿಗದೆ, ಹೊಟ್ಟೆಯ ಸ್ನಾಯುಗಳ ಗೋಡೆಯ ಹಿಂದೆ ಕರುಳುಗಳ ಮೇಲೆ ಸೆರಗಿನಂತೆ ಇಳಿಬಿದ್ದ ಪದರದಲ್ಲಿಯೂ ಕರುಳುಗಳನ್ನು ಬೆನ್ನಿಗೆ ಕಟ್ಟಿಹಿಡಿದ ಪೊರೆಯಲ್ಲಿಯೂ ತುಂಬಿಕೊಳ್ಳುವುದು ಒಳಾಂಗಗಳ ಕೊಬ್ಬು. ಮುಟ್ಟಿದರೆ ಮೆತ್ತಗಿರದೆ ಬಿಗಿಯಾಗಿ ಮುಂದಕ್ಕೆ ಉಬ್ಬಿರುವ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಈ ಎರಡನೆಯ ಬಗೆಯೇ ಹೆಚ್ಚು. ಕೊಬ್ಬು ಎಲ್ಲಿ ಸೇರುತ್ತದೆ ಎಂಬುದು ಎಷ್ಟು ಸೇರಿದೆ ಎಂಬುದರಷ್ಟೇ ಮುಖ್ಯ ಎಂದು ಮೊದಲಿಗೆ ಗಟ್ಟಿಯಾಗಿ ಹೇಳಿದವರು ಫ್ರಾನ್ಸಿನ ಮಾರ್ಸೇಯ್ ನಗರದ ವೈದ್ಯ ಜಾನ್ ವಾಗ್. 1947ರಲ್ಲಿ ಅವರು ಸೊಂಟದ ಮೇಲ್ಭಾಗದ ಬೊಜ್ಜನ್ನೂ ತೊಡೆ-ನಿತಂಬಗಳ ಬೊಜ್ಜನ್ನೂ ಬೇರ್ಪಡಿಸಿ, ಮಧುಮೇಹದ ನಂಟು ಮೊದಲನೆಯದರೊಂದಿಗೆ ಎಂದು ಗುರುತಿಸಿದರು.

ಒಳಾಂಗಗಳ ಕೊಬ್ಬಿನ ವಿಶೇಷವಿರುವುದು ಅದರ ರಕ್ತ ಹರಿಯುವ ದಾರಿಯಲ್ಲಿ. ಕೈಕಾಲುಗಳ ಮತ್ತು ಚರ್ಮದಡಿಯ ಕೊಬ್ಬಿನಿಂದ ಹೊರಟ ರಕ್ತ ಹೃದಯವನ್ನು ಸೇರಿ ಇಡೀ ದೇಹಕ್ಕೆ ಹಂಚಿಹೋದರೆ, ಕರುಳಿನ ಸುತ್ತಲಿನ ಕೊಬ್ಬಿನಿಂದ ಹೊರಟ ರಕ್ತ ಕರುಳಿನ ರಕ್ತದೊಂದಿಗೆ ಕೂಡಿ, ಪೋರ್ಟಲ್ ಅಭಿಧಮನಿ ಎಂಬ ದೊಡ್ಡ ರಕ್ತನಾಳದ ಮೂಲಕ ನೇರವಾಗಿ ಲಿವರನ್ನೇ ಹೊಗುತ್ತದೆ. ಕೊಬ್ಬಿನ ಜೀವಕೋಶಗಳು ತಮ್ಮಲ್ಲಿನ ಕೊಬ್ಬನ್ನು ಒಡೆದು ಬಿಡುಗಡೆ ಮಾಡುವ ಕೊಬ್ಬಿನಾಮ್ಲಗಳೂ ಉರಿಯೂತ ಹೆಚ್ಚಿಸುವ ರಾಸಾಯನಿಕಗಳೂ ಹೀಗೆ ಬೇರೆಲ್ಲಿಯೂ ತೆಳುವಾಗದೆ ಲಿವರಿನ ಬಾಗಿಲಿಗೆ ಬಂದು ನಿಲ್ಲುತ್ತವೆ. ಊಟವಾದ ಮೇಲೆ ‘ಈಗ ಕೊಬ್ಬನ್ನು ಬಿಡಬೇಡ’ ಎಂದು ಅಪ್ಪಣೆ ಕೊಡುವ ಹಾರ್ಮೋನು ಇನ್ಸುಲಿನ್. ದೇಹ ಅದರ ಮಾತನ್ನು ಕೇಳದಂತಾಗುವ ಸ್ಥಿತಿಯನ್ನು ಇನ್ಸುಲಿನ್ ಪ್ರತಿರೋಧ ಎನ್ನುತ್ತಾರೆ. ಆ ಸ್ಥಿತಿಯಲ್ಲಿ ಕೊಬ್ಬಿನ ಜೀವಕೋಶಗಳು ಹಗಲಿರುಳು ಕೊಬ್ಬಿನಾಮ್ಲ ಸುರಿಯುತ್ತಲೇ ಇರುತ್ತವೆ. 2005ರಲ್ಲಿ ಪ್ರಕಟವಾದ ಒಂದು ಸೂಕ್ಷ್ಮ ಅಧ್ಯಯನದಲ್ಲಿ, ಫ್ಯಾಟಿ ಲಿವರ್ ಇದ್ದವರ ಲಿವರಿನ ಕೊಬ್ಬಿನ ಮೂಲವನ್ನು ಗುರುತು ಹಚ್ಚಿ ನೋಡಿದಾಗ ಸುಮಾರು ಶೇ. 59 ಭಾಗ ಹೀಗೆ ರಕ್ತದಲ್ಲಿ ತೇಲಿಬಂದ ಕೊಬ್ಬಿನಾಮ್ಲಗಳಿಂದ, ಶೇ. 26 ಭಾಗ ಹೆಚ್ಚಾದ ಸಕ್ಕರೆ-ಪಿಷ್ಟಗಳನ್ನು ಲಿವರೇ ಕೊಬ್ಬಾಗಿ ಪರಿವರ್ತಿಸಿದ್ದರಿಂದ ಬಂದಿತ್ತು. ಊಟದ ಎಣ್ಣೆ-ತುಪ್ಪಗಳಿಂದ ನೇರವಾಗಿ ಬಂದದ್ದು ಶೇ. 15 ಮಾತ್ರ. ಎಣ್ಣೆಯನ್ನು ಬಿಟ್ಟು ಅನ್ನವನ್ನೂ ಸಿಹಿಯನ್ನೂ ಯಥೇಚ್ಛವಾಗಿ ಮುಂದುವರಿಸಿದವರ ವರದಿ ಏಕೆ ಬದಲಾಗುವುದಿಲ್ಲ ಎಂಬುದಕ್ಕೆ ಈ ಲೆಕ್ಕವೇ ಉತ್ತರ.

ಆದರೂ ಹೊಟ್ಟೆಯ ಒಳಗಿನ ಕೊಬ್ಬೊಂದೇ ಅಪರಾಧಿ ಎಂದರೆ ಅದು ಪೂರ್ತಿ ಸತ್ಯವಾಗುವುದಿಲ್ಲ. ಲಿವರಿಗೆ ತಲುಪುವ ಕೊಬ್ಬಿನಾಮ್ಲಗಳಲ್ಲಿ ಒಳಾಂಗಗಳ ಕೊಬ್ಬಿನ ಪಾಲು ತೆಳ್ಳಗಿನವರಲ್ಲಿ ಶೇ. 5ರಿಂದ 10, ಹೊಟ್ಟೆ ಬೊಜ್ಜಿರುವವರಲ್ಲಿ ಶೇ. 20ರಿಂದ 25 ಎಂದು 2004ರ ಒಂದು ಅಧ್ಯಯನ ತೋರಿಸಿತು; ಉಳಿದದ್ದು ಚರ್ಮದಡಿಯ ಕೊಬ್ಬಿನಿಂದಲೇ ಬರುತ್ತದೆ. ಹಾಗಾದರೆ ಸೊಂಟದ ಸುತ್ತಳತೆ ಏನನ್ನು ಹೇಳುತ್ತದೆ? ಈಗ ಹೆಚ್ಚಿನ ತಜ್ಞರು ಒಪ್ಪುವ ವಿವರಣೆಯ ಪ್ರಕಾರ, ಚರ್ಮದಡಿಯ ಕೊಬ್ಬೇ ದೇಹದ ಸುರಕ್ಷಿತ ದಾಸ್ತಾನು, ಆ ದಾಸ್ತಾನಿನಲ್ಲಿ ಜಾಗ ಮುಗಿದಾಗ ಉಳಿದ ಕೊಬ್ಬು ಕರುಳಿನ ಸುತ್ತ, ಲಿವರಿನಲ್ಲಿ, ಸ್ನಾಯುಗಳಲ್ಲಿ ಸೇರತೊಡಗುತ್ತದೆ. ಹುಟ್ಟಿನಿಂದಲೇ ಚರ್ಮದಡಿಯ ಕೊಬ್ಬು ಇಲ್ಲದ ಅಪರೂಪದ ರೋಗಿಗಳು ನೋಡಲು ಕೃಶವಾಗಿದ್ದರೂ ತೀವ್ರ ಫ್ಯಾಟಿ ಲಿವರಿಗೆ ತುತ್ತಾಗುವುದು ಈ ವಿವರಣೆಗೆ ಬಲವಾದ ಪುರಾವೆ. ಇದಕ್ಕೆ ಪೂರಕವಾದ ಇನ್ನೊಂದು ಪುರಾವೆಯೂ ಇದೆ: 2004ರಲ್ಲಿ ಬೊಜ್ಜಿದ್ದ 15 ಮಹಿಳೆಯರ ಹೊಟ್ಟೆಯ ಚರ್ಮದಡಿಯಿಂದ ಲೈಪೋಸಕ್ಷನ್ ಮೂಲಕ ಸುಮಾರು 10 ಕಿಲೋ ಕೊಬ್ಬನ್ನು ಹೀರಿ ತೆಗೆದರೂ ಅವರ ಇನ್ಸುಲಿನ್ ಪ್ರತಿರೋಧವಾಗಲಿ ಹೃದ್ರೋಗದ ಅಪಾಯದ ಸೂಚಕಗಳಾಗಲಿ ಸುಧಾರಿಸಲಿಲ್ಲ. ಹೊಟ್ಟೆ ಕರಗಿಸುವ ಜಾಹೀರಾತುಗಳನ್ನು ನಂಬಿ ಹಣ ತೆರಲು ಹೊರಟವರು ಈ ಫಲಿತಾಂಶವನ್ನು ಗಮನಿಸಬೇಕು. ಉಬ್ಬಿದ ಸೊಂಟವೆಂದರೆ ದಾಸ್ತಾನು ತುಂಬಿ ಹೊರಚೆಲ್ಲುತ್ತಿದೆ ಎಂಬ ಸೂಚನೆ. ಸೊಂಟದ ರೂಪವನ್ನು ತಿದ್ದಿದರೆ ಹೊರಚೆಲ್ಲುವುದು ನಿಲ್ಲುವುದಿಲ್ಲ.

ಭಾರತೀಯರಿಗೆ ಈ ದಾಸ್ತಾನು ಬೇಗ ತುಂಬುತ್ತದೆ. ಪುಣೆಯ ವೈದ್ಯವಿಜ್ಞಾನಿ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಕ್ಕಪಕ್ಕ ನಿಂತ ತಮ್ಮದೇ ಚಿತ್ರವನ್ನು ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಒಂದೇ ಆಗಿತ್ತು: 22.3. ಆದರೆ ದೇಹದ ಕೊಬ್ಬು ಯಡ್ಕಿನ್ನರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ತೂಕದ ಯಂತ್ರ ನಮ್ಮ ಜನರಿಗೆ ಪೂರ್ತಿ ಸತ್ಯ ಹೇಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಆದ್ದರಿಂದಲೇ ದಕ್ಷಿಣ ಏಷ್ಯಾದವರಿಗೆ ಸೊಂಟದ ಮಿತಿಯನ್ನು ಗಂಡಸರಿಗೆ 90 ಸೆಂಟಿಮೀಟರ್, ಅಂದರೆ ಸುಮಾರು ಮೂವತ್ತೈದೂವರೆ ಅಂಗುಲ, ಹೆಂಗಸರಿಗೆ 80 ಸೆಂಟಿಮೀಟರ್, ಅಂದರೆ ಸುಮಾರು ಮೂವತ್ತೊಂದೂವರೆ ಅಂಗುಲ ಎಂದು ಕೆಳಗಿಳಿಸಲಾಗಿದೆ. ಬಿಎಂಐ 23 ದಾಟಿದರೆ ಅಧಿಕ ತೂಕವೆಂದೇ ಪರಿಗಣಿಸಲಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ‘ಇಂಡಿಯಾಬ್’ ಸಮೀಕ್ಷೆಯ 2023ರ ವರದಿಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 39.5 ಮಂದಿಗೆ ಹೊಟ್ಟೆಯ ಬೊಜ್ಜಿದೆ.

ಪ್ಯಾಂಟಿನ ಸೈಜು ಸೊಂಟದ ಅಳತೆಯಲ್ಲ. ಹೊಟ್ಟೆ ಬೆಳೆದಂತೆ ಗಂಡಸರು ಬೆಲ್ಟನ್ನು ಹೊಟ್ಟೆಯ ಕೆಳಗೆ ಕಟ್ಟತೊಡಗುವುದರಿಂದ, ಹತ್ತು ವರ್ಷದಿಂದ 34ರ ಪ್ಯಾಂಟನ್ನೇ ತೊಡುತ್ತಿರುವವರ ನಿಜವಾದ ಸುತ್ತಳತೆ 40 ಅಂಗುಲ ಮುಟ್ಟಿರಬಹುದು. ಅಂಗಿಯನ್ನು ಮೇಲೆತ್ತಿ, ಪಕ್ಕೆಲುಬಿನ ಕೊನೆಯ ಅಂಚು ಮತ್ತು ಸೊಂಟದ ಎಲುಬಿನ ಮೇಲಿನ ಅಂಚು ಇವೆರಡರ ನಟ್ಟನಡುವೆ, ದರ್ಜಿಯ ಟೇಪನ್ನು ಬೆನ್ನಿನ ಕಡೆ ಜಾರದಂತೆ ನೆಲಕ್ಕೆ ಸಮನಾಗಿ ಸುತ್ತಿ, ಹೊಟ್ಟೆಯನ್ನು ಒಳಗೆಳೆದುಕೊಳ್ಳದೆ, ಉಸಿರನ್ನು ಸಹಜವಾಗಿ ಹೊರಬಿಟ್ಟ ಕ್ಷಣದಲ್ಲಿ ಓದಿದ ಸಂಖ್ಯೆಯೇ ಸರಿಯಾದ ಅಳತೆ. ಆಶಾ ಕಾರ್ಯಕರ್ತೆಯರು 30 ದಾಟಿದವರಿಗಾಗಿ ಭರ್ತಿ ಮಾಡುವ ಸರ್ಕಾರದ ಪರಿಶೀಲನಾ ಪಟ್ಟಿಯಲ್ಲಿಯೂ ಈ ಅಳತೆಗೆ ಅಂಕಗಳಿವೆ. 2021ರ ಫೆಬ್ರುವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಫ್ಯಾಟಿ ಲಿವರನ್ನು ಮಧುಮೇಹ, ಕ್ಯಾನ್ಸರ್, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಸೇರಿಸಿದೆ.

ಇಷ್ಟನ್ನೂ ದುವ್ವಾಡದ ಬಂಧುಗಳಿಗೇ ಬರೆಯಲು ಕಾರಣವಿದೆ. 1971ರ ಜನವರಿಯಲ್ಲಿ ಶಂಕುಸ್ಥಾಪನೆಯಾಗಿ, 1982ರಲ್ಲಿ ರಾಷ್ಟ್ರೀಯ ಇಸ್ಪಾತ್ ನಿಗಮದ ಕೈಗೆ ಬಂದು, 1992ರ ಆಗಸ್ಟ್‌ನಲ್ಲಿ ದೇಶಕ್ಕೆ ಸಮರ್ಪಿತವಾದ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆ ಇರುವುದು ಈ ನೆರೆಯಲ್ಲಿ. ದುವ್ವಾಡದ ವಿಶೇಷ ಆರ್ಥಿಕ ವಲಯವೂ ಪರವಾಡದ ಔಷಧ ಕಾರ್ಖಾನೆಗಳೂ ಇರುವುದು ಇಲ್ಲಿಯೇ. ಇಲ್ಲಿನ ದುಡಿಮೆಯ ದೊಡ್ಡ ಪಾಲು ಪಾಳಿಯ ದುಡಿಮೆ, ಮತ್ತು ಮೈಮುರಿದು ಮಾಡುತ್ತಿದ್ದ ಕೆಲಸಗಳಲ್ಲಿ ಹಲವು ಈಗ ನಿಯಂತ್ರಣ ಕೊಠಡಿಯ ಪರದೆಯ ಮುಂದಿನ ಕೆಲಸಗಳಾಗಿವೆ. ರಾತ್ರಿಯ ಹೊತ್ತು ದೇಹದ ಒಳಗಡಿಯಾರವು ಇನ್ಸುಲಿನ್ನಿನ ಪ್ರಭಾವವನ್ನು ತಗ್ಗಿಸಿರುತ್ತದೆ. ಮಧ್ಯಾಹ್ನ ಉಂಡ ಅನ್ನಕ್ಕಿಂತ ರಾತ್ರಿ ಎರಡು ಗಂಟೆಗೆ ಉಂಡ ಅಷ್ಟೇ ಅನ್ನ ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ. ಅದರ ಮೇಲೆ ನಿದ್ದೆ ತಡೆಯಲು ಗಂಟೆಗೊಂದು ಸಕ್ಕರೆ ಚಹಾ, ಬೆಳಗ್ಗೆ ಪಾಳಿ ಮುಗಿಸಿ ಹೊರಬಂದಾಗ ಬಿಸಿ ಪೂರಿಯೋ ಪುನುಗುಲುವೋ, ಆಮೇಲೆ ಹರಿದುಹೋದ ಹಗಲು ನಿದ್ದೆ. ಕುರ್ಚಿಗೆ ಅಂಟಿದ ಕೆಲಸ ಏನು ಮಾಡುತ್ತದೆಂಬುದಕ್ಕೆ ಪಕ್ಕದ ರಾಜ್ಯದಲ್ಲೇ ಎಚ್ಚರಿಕೆ ಸಿಕ್ಕಿದೆ: ಹೈದರಾಬಾದಿನ 345 ಮಾಹಿತಿ ತಂತ್ರಜ್ಞಾನ ನೌಕರರನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 84 ಮಂದಿಯ ಲಿವರಿನಲ್ಲಿ ಕೊಬ್ಬು ಕಂಡಿತು. ಒಂದು ನಗರದ ಒಂದು ಉದ್ಯೋಗದ ಅಂಕಿಯನ್ನು ಎಲ್ಲರಿಗೂ ಅನ್ವಯಿಸಲಾಗದು; ಆದರೂ ಅಂಥ ಅಂಕಿಯನ್ನು ಓದಿ ಸುಮ್ಮನಿರುವುದು ಸರಿಯಲ್ಲ.

ಸ್ಕ್ಯಾನಿಂಗ್ ವರದಿಯ ‘ಗ್ರೇಡ್’ ಎಂಬುದು ಕೊಬ್ಬಿನ ಪ್ರಮಾಣವನ್ನು ಮಾತ್ರ ಅಂದಾಜಿಸುತ್ತದೆ, ಅಪಾಯವನ್ನಲ್ಲ. ಗ್ರೇಡ್ 1 ಇರುವವರಲ್ಲಿ ನಾರುಗಟ್ಟುವಿಕೆ ಮುಂದುವರಿದಿರಬಹುದು, ಗ್ರೇಡ್ 3 ಇರುವವರಲ್ಲಿ ಅದು ಇಲ್ಲದೆಯೂ ಇರಬಹುದು. ಲಿವರ್ ಕಿಣ್ವಗಳ ಪರೀಕ್ಷೆ ಸಹಜವಾಗಿದ್ದರೂ ರೋಗವಿಲ್ಲವೆಂದು ಹೇಳಲಾಗದು. ಮುಂದೆ ಏನಾಗಬಹುದೆಂದು ನಿರ್ಧರಿಸುವುದು ನಾರುಗಟ್ಟುವಿಕೆಯ ಹಂತ. ಅದನ್ನು ಮೊದಲ ಸುತ್ತಿನಲ್ಲಿ ಅಂದಾಜಿಸಲು ದುಬಾರಿ ಯಂತ್ರವೇ ಬೇಕಿಲ್ಲ. ‘ಫಿಬ್-4’ ಎಂಬ ಲೆಕ್ಕ ಸಾಕು. ವಯಸ್ಸನ್ನು ಎಎಸ್‌ಟಿ ಎಂಬ ಕಿಣ್ವದ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು ಪ್ಲೇಟ್‌ಲೆಟ್ ಸಂಖ್ಯೆ ಮತ್ತು ಎಎಲ್‌ಟಿ ಎಂಬ ಕಿಣ್ವದ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸಬೇಕು. ಉದಾಹರಣೆಗೆ 48 ವರ್ಷದವರೊಬ್ಬರ ಎಎಸ್‌ಟಿ 52, ಎಎಲ್‌ಟಿ 64, ಪ್ಲೇಟ್‌ಲೆಟ್ 2 ಲಕ್ಷ ಎಂದಿದ್ದರೆ, 2 ಲಕ್ಷವನ್ನು ಸಾವಿರಗಳ ಲೆಕ್ಕದಲ್ಲಿ 200 ಎಂದು ಬರೆದುಕೊಂಡು, 64ರ ವರ್ಗಮೂಲ 8 ಆದ್ದರಿಂದ 2496ನ್ನು 1600ರಿಂದ ಭಾಗಿಸಿದಾಗ 1.56 ಬರುತ್ತದೆ. 1.3ಕ್ಕಿಂತ ಕಡಿಮೆ ಇದ್ದರೆ ಸದ್ಯಕ್ಕೆ ನಿಶ್ಚಿಂತೆ, ಈ ಉದಾಹರಣೆಯಂತೆ ಅದನ್ನು ಮೀರಿದ್ದರೆ ಲಿವರಿನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಬೇಕು, 2.67 ಮೀರಿದ್ದರೆ ತಜ್ಞರನ್ನು ಕಾಣಲು ತಡ ಮಾಡಬಾರದು. 65 ದಾಟಿದವರಿಗೆ ಮೊದಲ ಮಿತಿ 2.0, 35ರೊಳಗಿನವರಲ್ಲಿ ಈ ಲೆಕ್ಕ ಅಷ್ಟು ನಂಬಲರ್ಹವಲ್ಲ.

ಹಾನಿ ಹಿಂದಿರುಗುತ್ತದೆ ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ. ಕ್ಯೂಬಾದಲ್ಲಿ ಉರಿಯೂತದ ಹಂತದ 293 ರೋಗಿಗಳನ್ನು ಆಹಾರ-ವ್ಯಾಯಾಮಗಳ ಬದಲಾವಣೆಯೊಂದಿಗೆ 52 ವಾರ ಗಮನಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ತೂಕ ಎಷ್ಟು ಹೆಚ್ಚು ಇಳಿಯಿತೋ ಲಿವರ್ ಅಷ್ಟು ಹೆಚ್ಚು ಸುಧಾರಿಸಿತು, ಶೇ. 10 ಮತ್ತು ಅದಕ್ಕಿಂತ ಹೆಚ್ಚು ಇಳಿಸಿದವರಲ್ಲಿ ಬಹುಪಾಲಿನವರ ಉರಿಯೂತ ಪೂರ್ತಿ ಇಳಿದು, ನಾರುಗಟ್ಟುವಿಕೆಯೂ ಅನೇಕರಲ್ಲಿ ತಗ್ಗಿತು. 80 ಕಿಲೋ ಇರುವವರು ಒಂದು ವರ್ಷದಲ್ಲಿ 4 ಕಿಲೋ ಇಳಿಸಿದರೂ ಲಿವರಿನ ಕೊಬ್ಬು ಕಡಿಮೆಯಾಗತೊಡಗುತ್ತದೆ. ವಾರಕ್ಕೆ 150 ನಿಮಿಷದ ಬಿರುಸಿನ ನಡಿಗೆ, ತೂಕ ಇಳಿಯದಿದ್ದರೂ, ಲಿವರಿನ ಕೊಬ್ಬನ್ನು ಇಳಿಸುತ್ತದೆ. ಉತ್ತರಾಂಧ್ರದ ಹಳ್ಳಿಗಳಲ್ಲಿ ಚೋಡಿ ಅಂಬಲಿಯಾಗಿ ಕುಡಿಯುವ ರಾಗಿ ನಮ್ಮ ಮನೆಗಳ ಮುದ್ದೆಯ ರಾಗಿಯೇ. ಅದು ಗಾಜುವಾಕದ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ಅನ್ನದ ಜೊತೆಗೆ ಮುದ್ದೆಯನ್ನು ಸೇರಿಸಿದರೆ ಪ್ರಯೋಜನವಿಲ್ಲ. ತಟ್ಟೆಯಲ್ಲಿ ಅನ್ನದ ಪಾಲು ಇಳಿದು ಸೊಪ್ಪು, ಹುರುಳಿ, ಬೇಳೆ, ಮೀನು ಅಥವಾ ಮೊಟ್ಟೆಯ ಪಾಲು ಏರಬೇಕು. ರಾತ್ರಿ ಪಾಳಿಯವರು ಮುಖ್ಯ ಊಟವನ್ನು ಮನೆಯಿಂದ ಹೊರಡುವ ಮುನ್ನವೇ ಮುಗಿಸಿ, ನಡುರಾತ್ರಿಗೆ ಮಜ್ಜಿಗೆ, ಬೇಯಿಸಿದ ಕಡಲೆಯಂಥದ್ದನ್ನಷ್ಟೇ ಉಳಿಸಿಕೊಳ್ಳುವುದು ಲೇಸು. ಕಾಫಿ ಕುಡಿಯುವವರಲ್ಲಿ ನಾರುಗಟ್ಟುವಿಕೆ ಕಡಿಮೆಯೆಂದು ಅನೇಕ ಅಧ್ಯಯನಗಳು ಕಂಡಿವೆ. ಎರಡು ಚಮಚ ಸಕ್ಕರೆಯ ಕಾಫಿಗೆ ಆ ಮಾತು ಸಲ್ಲದು. ಮಧುಮೇಹದ ಔಷಧಿ ಸೇವಿಸುವವರು ಊಟದ ಹೊತ್ತು, ಪ್ರಮಾಣಗಳನ್ನು ವೈದ್ಯರನ್ನು ಕೇಳಿಯೇ ಬದಲಿಸಬೇಕು. ಹೊಟ್ಟೆಯ ಬೊಜ್ಜಿರುವವರು ಮದ್ಯವನ್ನೂ ಸೇವಿಸಿದರೆ ಎರಡು ಹಾನಿಗಳು ಒಂದನ್ನೊಂದು ಹೆಚ್ಚಿಸುತ್ತವೆ. ಲಿವರ್ ಶುದ್ಧಿಯ ಹೆಸರಿನಲ್ಲಿ ಮಾರುವ ಟಾನಿಕ್, ಕಷಾಯಗಳನ್ನು ವೈದ್ಯರಿಗೆ ಹೇಳದೆ ಸೇವಿಸುವುದು ಬೇಡ. ಗಿಡಮೂಲಿಕೆಗಳಿಂದಲೇ ಲಿವರ್ ಉರಿಯೂತಕ್ಕೊಳಗಾದವರ ವರದಿಗಳು ನಮ್ಮ ದೇಶದಿಂದಲೇ ಬಂದಿವೆ.

ಮನೆಯ ಹೆಂಗಸರನ್ನು ಈ ಲೆಕ್ಕದಿಂದ ಹೊರಗಿಡುವುದು ದೊಡ್ಡ ತಪ್ಪು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಕೊಬ್ಬು ತೊಡೆಗಳಿಂದ ಹೊಟ್ಟೆಯ ಕಡೆ ಸರಿಯುತ್ತದೆ. ಅಂಡಾಶಯದ ಪಿಸಿಒಎಸ್ ತೊಂದರೆ ಇರುವ ಎಳೆಯ ವಯಸ್ಸಿನವರಲ್ಲಿಯೂ ಅಪಾಯ ಹೆಚ್ಚು. ಗಂಡನಿಗೆ ಕಾರ್ಖಾನೆಯ ವೈದ್ಯಕೀಯ ತಪಾಸಣೆ ಇದ್ದರೆ ಹೆಂಡತಿಗೆ ಅಂಥ ಯಾವ ವಾರ್ಷಿಕ ದಿನವೂ ಇಲ್ಲ. ಮಕ್ಕಳ ವಿಷಯದಲ್ಲಿ ಒಂದು ಪುರಾವೆ ಸಾಕು: ಫ್ಯಾಟಿ ಲಿವರ್ ಇದ್ದ 40 ಹದಿಹರೆಯದ ಹುಡುಗರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಕ್ಕರೆ ಬೆರೆತ ತಿಂಡಿ-ಪಾನೀಯಗಳನ್ನು ಎಂಟು ವಾರ ಬಿಡಿಸಿದ ಗುಂಪಿನ ಲಿವರ್ ಕೊಬ್ಬು ಶೇ. 25ರಿಂದ 17ಕ್ಕೆ ಇಳಿದರೆ, ಎಂದಿನಂತೆ ತಿಂದ ಗುಂಪಿನಲ್ಲಿ 21ರಿಂದ 20ಕ್ಕೆ ಮಾತ್ರ ಇಳಿಯಿತು.

ಅಪಾಯಕಾರಿ ಪ್ರಕ್ರಿಯೆಗಳಿರುವ ಕಾರ್ಖಾನೆಗಳಲ್ಲಿ ಕಾರ್ಮಿಕರಿಗೆ ವರ್ಷಕ್ಕೊಮ್ಮೆಯಾದರೂ ವೈದ್ಯಕೀಯ ತಪಾಸಣೆ ಆಗಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಗೆ 1987ರಲ್ಲಿ ಸೇರಿಸಿದ 41ಸಿ ಕಲಂ ವಿಧಿಸಿತು. ಕಬ್ಬಿಣ ಮತ್ತು ಉಕ್ಕಿನ ಉದ್ಯಮ ಆ ಕಾಯ್ದೆಯ ಅಪಾಯಕಾರಿ ಪ್ರಕ್ರಿಯೆಗಳ ಪಟ್ಟಿಯಲ್ಲಿತ್ತು. ತಪಾಸಣೆಯ ದಿನ ಹೇಗೂ ರಕ್ತ ತೆಗೆಯುತ್ತಾರೆ. ಅದೇ ರಕ್ತದಲ್ಲಿ ಎರಡು ಕಿಣ್ವ ಮತ್ತು ಪ್ಲೇಟ್‌ಲೆಟ್ ಎಣಿಕೆ ಸೇರಿದರೆ ಫಿಬ್-4ಕ್ಕೆ ಬೇರೇನೂ ಬೇಡ. ಆದ್ದರಿಂದ ಕಾರ್ಮಿಕ ಸಂಘಗಳಲ್ಲಿರುವ ಕನ್ನಡ ಬಂಧುಗಳು ತಪಾಸಣಾ ಕಾರ್ಡಿನಲ್ಲಿ ಸೊಂಟದ ಸುತ್ತಳತೆಗೊಂದು, ಫಿಬ್-4ಕ್ಕೊಂದು ಕಾಲಂ ಬೇಕೆಂದು ಆಡಳಿತ ವರ್ಗವನ್ನು ಲಿಖಿತವಾಗಿ ಕೇಳಬೇಕು. ಮನೆಯವರಿಗೂ ಅದೇ ತಪಾಸಣೆ ವಿಸ್ತರಿಸಬೇಕೆಂಬ ಬೇಡಿಕೆಯನ್ನು ಅದೇ ಅರ್ಜಿಯಲ್ಲಿ ಸೇರಿಸಬೇಕು. ಅಲ್ಲಿಯವರೆಗೆ ಕಾಯದೆ, ಬೀರುವಿನಲ್ಲಿ ಹಳೆಯ ಫ್ಯಾಟಿ ಲಿವರ್ ವರದಿ ಇರುವವರೆಲ್ಲರೂ ಈ ತಿಂಗಳೊಳಗೆ ಅದನ್ನು ಹೊರತೆಗೆದು, ತಮ್ಮ ಮತ್ತು ಮನೆಯವರ ಸೊಂಟ ಅಳೆದು, ಆ ಸಂಖ್ಯೆಯೊಂದಿಗೆ ವೈದ್ಯರ ಬಳಿ ಹೋಗಬೇಕೆಂದು ಕಳಕಳಿಯ ವಿನಂತಿ.

ಇಂತಿ,
ತಮ್ಮೆಲ್ಲರ ಹಿತಾಕಾಂಕ್ಷಿ